ಹಳೇ ಬಸ್ಸು, ಮನೆಮಂದಿ, ಎರಡು ಕಾಡು

ಅಜ್ಜಿ ಒಂದು ಕಾರಿನಲ್ಲಿ, ಅಜ್ಜಿಯ ಮಾತ್ರೆ ಡಬ್ಬಿ ಇನ್ನೊಂದು ಕಾರಿನಲ್ಲಿ, ಬುತ್ತಿ ಮೂರನೆಯದರಲ್ಲಿ. ಹದಿನೈದಿಪ್ಪತ್ತು ಮಂದಿಯ ಕುಟುಂಬ ಕಾರುಗಳಲ್ಲಿ ಹೊರಟರೆ ಆಗುವುದು ಇಷ್ಟೇ. ಹಾಗಾಗಿ ಒಂದು ಬಸ್ಸು ಮಾಡಿಕೊಳ್ಳುವುದೇ ವಾಸಿ. ಊರಿನಲ್ಲಿ ಯಾರದೋ ಹಳೆಯ ಸ್ವರಾಜ್ ಮಜ್ದಾ ಇರುತ್ತದೆ, ಮದುವೆ ದಿಬ್ಬಣಕ್ಕೂ ಮಾದಪ್ಪನ ಬೆಟ್ಟದ ಹರಕೆಗೂ ಓಡಿದ್ದು. ಹೊಸ ಗಾಡಿಗಿಂತ ಬಾಡಿಗೆ ಕಡಿಮೆ, ಕಿಟಕಿ ತೆರೆದು ಗಾಳಿಗೆ ಮುಖ ಒಡ್ಡಬಹುದು, ಮಕ್ಕಳು ಒಂದು ಕಡೆ, ಹರಟೆಯವರು ಒಂದು ಕಡೆ. ಅಡ್ಡಿಯೇನಿಲ್ಲ. ಆದರೆ ಹಳೇ ಬಸ್ಸಿಗೆ ತಕ್ಕ ದಾರಿಯನ್ನೇ ಆರಿಸಿಕೊಳ್ಳಬೇಕು.

ಮೈಸೂರು ಸೀಮೆಯಿಂದ ಕಾಡು ನೋಡಲು ಹೊರಟವರು ಸಾಮಾನ್ಯವಾಗಿ ಮಾಡುವ ಯೋಜನೆ ಹೀಗಿರುತ್ತದೆ: ಬಂಡೀಪುರ, ಮುದುಮಲೈ, ಊಟಿ, ವಯನಾಡು, ವಾಪಸು ಬರುತ್ತಾ ನಾಗರಹೊಳೆ, ಎಲ್ಲವೂ ಎರಡೂವರೆ ದಿನದಲ್ಲಿ. ನಕ್ಷೆಯಲ್ಲಿ ಇವೆಲ್ಲ ಒಂದಕ್ಕೊಂದು ಅಂಟಿಕೊಂಡೇ ಇವೆ. 1986ರಲ್ಲಿ ಘೋಷಣೆಯಾದ ನೀಲಗಿರಿ ಜೀವಗೋಳ ಮೀಸಲು ಪ್ರದೇಶದೊಳಗೇ ಬರುತ್ತವೆ. ನೆಲದ ಮೇಲೆ ಮಾತ್ರ ಮೂರು ರಾಜ್ಯ, ಹತ್ತಾರು ತಪಾಸಣೆ, ಲೆಕ್ಕವಿಲ್ಲದಷ್ಟು ಹಂಪು. ಬಸ್ಸಿನಲ್ಲಿ ಕೂತು ಸೊಂಟ ಹಿಡಿದುಕೊಂಡಿದ್ದೇ ಬಂತು, ಕಾಡು ಕಂಡಿರುವುದಿಲ್ಲ. ನನ್ನ ಸಲಹೆ ಕೇಳುವುದಾದರೆ ಚಾಮರಾಜನಗರ ಜಿಲ್ಲೆ ಬಿಟ್ಟು ಆಚೆ ಹೋಗಬೇಡಿ. ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟ ಎಂಬ ಎರಡು ಹುಲಿ ಮೀಸಲು ಪ್ರದೇಶ ಇಲ್ಲಿಯೇ ಇವೆ. ಜಿಲ್ಲೆಯ ನೆಲದಲ್ಲಿ ಹತ್ತಿರ ಹತ್ತಿರ ಅರ್ಧ ಕಾಡೇ. ಚಾಮರಾಜನಗರದಲ್ಲಿ ಒಂದು ರಾತ್ರಿ, ಗುಂಡ್ಲುಪೇಟೆಯಲ್ಲಿ ಎರಡು ರಾತ್ರಿ ತಂಗಿದರೆ ಸಾಕು. ಎರಡು ಊರಿನ ನಡುವೆ ಸುಮಾರು 36 ಕಿಲೋಮೀಟರ್.

ಬಸ್ಸು ಒಪ್ಪಿಕೊಳ್ಳುವ ಮೊದಲು

ಬಣ್ಣ, ಸೀಟಿನ ಕವರು, ಹಾಡಿನ ಪೆಟ್ಟಿಗೆ ನೋಡಿ ಮುಂಗಡ ಕೊಡಬೇಡಿ. ನೋಡಬೇಕಾದದ್ದು ಸೆಲ್ಫ್ ಮೋಟರು. ಬಸ್ಸನ್ನು ಅರ್ಧ ಗಂಟೆ ಓಡಿಸಿ, ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿಸಿ, ಮತ್ತೆ ಸ್ಟಾರ್ಟ್ ಮಾಡಿಸಿ. ಬೆಳಿಗ್ಗೆ ತಣ್ಣಗಿರುವಾಗ ಒಂದೇ ಏಟಿಗೆ ಎದ್ದ ಗಾಡಿ ಬಿಸಿಯಲ್ಲಿ 'ಟಕ್' ಎಂದು ಸುಮ್ಮನಾಗುವುದುಂಟು. ಬಾಡಿಗೆ ಮಾತನಾಡುವಷ್ಟು ಹೊತ್ತೂ ಮಾಲೀಕರು ಎಂಜಿನ್ ಆಫ್ ಮಾಡದೇ ಇದ್ದರೆ ಸಂಶಯಪಡಿ. ಊರೊಳಗಾದರೆ ಭಾವಂದಿರು, ಅಳಿಯಂದಿರು ಇಳಿದು ತಳ್ಳಿ ಎಬ್ಬಿಸಬಹುದು. ಬಂಡೀಪುರದ ರಸ್ತೆಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಇಳಿಯುವಂತಂತೂ ಇಲ್ಲವೇ ಇಲ್ಲ. ಅಲ್ಲಿ ತಳ್ಳುವ ಬಸ್ಸು ಕೆಲಸಕ್ಕೆ ಬಾರದು.

ಎರಡನೆಯದು, ಮುಂದಿನ ಟೈರು ರೀಸೋಲ್ ಆಗಿರಬಾರದು. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ಕೈಯಿಂದ ತಟ್ಟಿ ನೋಡಿ; ಬಹುಪಾಲು ಇರುವುದಿಲ್ಲ. ಒಂದು ಹೆಚ್ಚುವರಿ ಫ್ಯಾನ್ ಬೆಲ್ಟು, ಹತ್ತು ಲೀಟರ್ ನೀರಿನ ಕ್ಯಾನು ಜೊತೆಗಿರಲಿ. ಕಾಗದಪತ್ರಗಳ ಪೈಕಿ ಎಫ್‌ಸಿ ಮುಖ್ಯ. ಬಾಡಿಗೆ ಗಾಡಿಗೆ ಎಂಟು ವರ್ಷ ದಾಟಿದರೆ ಅದನ್ನು ಪ್ರತಿ ವರ್ಷ ಮಾಡಿಸಬೇಕು. ವಿಮೆ, ಹೊಗೆ ತಪಾಸಣೆ ಚೀಟಿ, ಪರ್ಮಿಟ್ ಎಲ್ಲದರ ದಿನಾಂಕವನ್ನೂ ನೀವೇ ಓದಿ. ಜಿಲ್ಲೆಯ ಗಡಿಯಲ್ಲೇ ತಮಿಳುನಾಡು, ಕೇರಳ ಎರಡೂ ಇವೆ. ಆಚೆ ಕಾಲಿಡುವ ಆಸೆಯಿದ್ದರೆ ಹೊರಡುವ ಮೊದಲೇ ವಿಶೇಷ ಪರ್ಮಿಟ್ ಮಾಡಿಸಿಕೊಂಡಿರಬೇಕು. ಚೆಕ್‌ಪೋಸ್ಟಿನಲ್ಲಿ ನಿಂತು ಮಾಡಿಸುತ್ತೇನೆ ಎನ್ನುವ ಮಾಲೀಕರ ಮಾತನ್ನು ನಂಬಬೇಡಿ.

ಚಾಲಕರಿಗೆ ಬೆಟ್ಟದ ಅಭ್ಯಾಸ ಇರಲಿ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬುದು ಹಳಬರ ನಿಯಮ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವ ಚಾಲಕ ಎಷ್ಟೇ ಒಳ್ಳೆಯವನಾದರೂ ಬೇಡ. ವಯಸ್ಸಾದವರನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಸಾಲುಗಳಲ್ಲಿ ಕೂರಿಸಿ. ಹಿಂದಿನ ಉದ್ದ ಸೀಟು ಹುಡುಗರಿಗೆ. ಬಂಡೀಪುರದ ಹಂಪುಗಳ ಮೇಲೆ ಅವರೇ ಹಾರಿ ಬೀಳಲಿ.

ಬಿಳಿಗಿರಿರಂಗನ ಕಡೆಯಿಂದ

ಬೆಂಗಳೂರಿನವರು ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಯಳಂದೂರಿಗೆ ಬನ್ನಿ, ಮೈಸೂರಿನವರಿಗೆ ತಿ.ನರಸೀಪುರದ ದಾರಿ. ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪದ ಎದುರು ಬಸ್ಸು ನಿಲ್ಲಿಸಿ, ಕಾಲಾಡಿಸಿ. ಕಲ್ಲಿನಲ್ಲೇ ಬಳೆಬಳೆಯಾಗಿ ಕಡೆದ ಸರಪಳಿಯಿಂದಾಗಿ ಆ ಹೆಸರು. ಮಕ್ಕಳು ಅದರ ಕೆಳಗೆ ನಿಂತು 'ಇದನ್ನ ಹೇಗೆ ಒಳಗೆ ಸೇರಿಸಿದರು' ಎಂದು ಕೇಳಿಯೇ ಕೇಳುತ್ತಾರೆ. ಸೇರಿಸಿಲ್ಲ, ಒಂದೇ ಕಲ್ಲಿನಿಂದ ಬಿಡಿಸಿದ್ದು ಎಂದು ಹೇಳಿ, ಅವರ ಮುಖ ನೋಡಿ.

ಅಲ್ಲಿಂದ ಬೆಟ್ಟಕ್ಕೆ ಸುಮಾರು 24 ಕಿಲೋಮೀಟರ್. ಗುಂಬಳ್ಳಿ ಚೆಕ್‌ಪೋಸ್ಟಿನಲ್ಲಿ ಬಸ್ಸಿನ ನಂಬರು ಬರೆದುಕೊಳ್ಳುತ್ತಾರೆ, ಪ್ಲಾಸ್ಟಿಕ್ ಬಗ್ಗೆ ಕೇಳುತ್ತಾರೆ. ಊಟಕ್ಕೆ ಸ್ಟೀಲಿನ ಡಬ್ಬಿ, ನೀರಿಗೆ ಬಿಂದಿಗೆಯೋ ಕ್ಯಾನೋ ತಂದಿದ್ದರೆ ಮಾತೇ ಇಲ್ಲ. ಈ ಏರು ಹಳೇ ಬಸ್ಸಿಗೆ ಕಷ್ಟವಲ್ಲ, ಅವಸರ ಮಾತ್ರ ಕೂಡದು. ಮೇಲೆ ಬಂಡೆಯ ಅಂಚಿನಲ್ಲಿ ರಂಗನಾಥನ ಗುಡಿ. ರಂಗಪ್ಪನ ದೊಡ್ಡ ಚರ್ಮದ ಪಾದುಕೆಗಳನ್ನು ಇಲ್ಲಿ ಭಕ್ತರ ತಲೆಗೆ ಮುಟ್ಟಿಸಿ ಹರಸುವ ಪದ್ಧತಿಯಿದೆ. ಈ ಕಾಡಿನ ಮೂಲನಿವಾಸಿಗಳಾದ ಸೋಲಿಗರಿಗೆ ರಂಗಪ್ಪ ಮನೆಯ ಅಳಿಯ, ಅವರ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನು. ದೇವರನ್ನು 'ಭಾವ' ಎಂದು ಕರೆಯುವ ಸಲುಗೆ ಬೇರೆಲ್ಲಿ ಸಿಕ್ಕೀತು?

ಈ ಕಾಡಿನ ವಿಷಯದಲ್ಲಿ ತಿಳಿದಿರಬೇಕಾದ ಮುಖ್ಯ ಸಂಗತಿ ಸೋಲಿಗರದು. 2011ರಲ್ಲಿ ಇದು ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯದ ಹಕ್ಕು ಪತ್ರಗಳೂ ಸಿಕ್ಕವು. ಹುಲಿ ಇರುವಲ್ಲಿ ಜನ ಇರಬಾರದು ಎಂಬ ವಾದದ ನಡುವೆ ಇಲ್ಲಿ ಇಬ್ಬರೂ ಉಳಿದುಕೊಂಡಿದ್ದಾರೆ. ಭಾರ್ಗವಿ ಹೊಳೆಯ ಹತ್ತಿರದ ದೊಡ್ಡಸಂಪಿಗೆ ಮರ ಅವರಿಗೆ ದೇವರು. ಅಲ್ಲಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. 1981ರಲ್ಲಿ ಡಾ. ಎಚ್.ಸುದರ್ಶನ್ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇದೇ ಬೆಟ್ಟದಲ್ಲಿದೆ. ಜೇನುತುಪ್ಪ ಕೊಳ್ಳುವುದಾದರೆ ಸೋಲಿಗರ ಸೊಸೈಟಿಯಲ್ಲೇ ಕೊಳ್ಳಿ.

ಬಂದ ದಾರಿಯಲ್ಲೇ ಇಳಿಯಬೇಡಿ. ಕ್ಯಾತದೇವರಗುಡಿಯ ಮೇಲೆ ಚಾಮರಾಜನಗರಕ್ಕೆ ಇಳಿಯುವ ಕಾಡುದಾರಿ ಈ ಇಡೀ ಪ್ರವಾಸದ ತಿರುಳು. ಸಂಜೆ ಆರರೊಳಗೆ ಆಚೆ ಗೇಟು ದಾಟಬೇಕು, ಆದ್ದರಿಂದ ನಾಲ್ಕಕ್ಕೇ ಹೊರಡಿ. ಬಸ್ಸು ಎತ್ತರ, ಕಿಟಕಿ ದೊಡ್ಡದು. ಕಾರಿನಲ್ಲಿ ಕೂತವರಿಗೆ ಲಂಟಾನದ ಪೊದೆ ಮಾತ್ರ ಕಾಣುವ ಕಡೆ ನಿಮಗೆ ಪೊದೆಯ ಹಿಂದೆ ನಿಂತ ಕಾಟಿಯ ಬೆನ್ನು ಕಾಣುತ್ತದೆ. ಹಾಡು ನಿಲ್ಲಿಸಿ, ಮಾತು ನಿಲ್ಲಿಸಿ. ಬಸ್ಸೇ ಸಾಕಷ್ಟು ಸದ್ದು ಮಾಡುತ್ತಿರುತ್ತದೆ.

ಎರಡು ಊರುಗಳ ನಡುವೆ

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆ ಚಾಮರಾಜರು ಹುಟ್ಟಿದ ಊರೆಂದು ಹೆಸರು ಬದಲಿಸಿ, 1826ರಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದರು. ಆಷಾಢದಲ್ಲಿ ಹೊಸ ಜೋಡಿಗಳನ್ನು ದೂರವಿಡುವುದು ನಮ್ಮ ಕಡೆಯ ರೂಢಿ. ಈ ಗುಡಿಯ ತೇರು ಮಾತ್ರ ಆಷಾಢದಲ್ಲೇ, ನೂತನ ದಂಪತಿಗಳ ಜಾತ್ರೆಯೇ ನೆರೆಯುತ್ತದೆ. ಮನೆಯಲ್ಲಿ ಈಚೆಗೆ ಮದುವೆಯಾದವರಿದ್ದರೆ ತಿಥಿ ನೋಡಿ ಹೊರಡಿ. ಈ ಊರಿಗೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆಂಬ ಮಾತಿಗೆ ಹೆದರಿ ಎಷ್ಟೋ ಮುಖ್ಯಮಂತ್ರಿಗಳು ವರ್ಷಗಟ್ಟಲೆ ಇತ್ತ ತಲೆ ಹಾಕಲಿಲ್ಲ. ಸಿದ್ದರಾಮಯ್ಯ 2013ರಿಂದ ಮತ್ತೆ ಮತ್ತೆ ಬಂದು ಐದು ವರ್ಷ ಪೂರೈಸಿದರು. ಪ್ರವಾಸಿಗಳಿಗೆ ಅಂಥ ಭಯವೇನೂ ಇಲ್ಲ.

ಬೆಳಿಗ್ಗೆ ಗುಂಡ್ಲುಪೇಟೆ ದಾರಿ ಹಿಡಿದರೆ ನಡುವೆ ತೆರಕಣಾಂಬಿ. ತರಕಾರಿ ಮಾರುಕಟ್ಟೆಗೆ ಹೆಸರಾದ ಊರು; ಸಣ್ಣ ಈರುಳ್ಳಿ, ಟೊಮೆಟೊ, ಅರಿಶಿನ ಈ ಸೀಮೆಯ ಬೆಳೆಗಳು. ಜುಲೈ–ಆಗಸ್ಟ್‌ನಲ್ಲಿ ಬಂದರೆ ಗುಂಡ್ಲುಪೇಟೆಯ ಸುತ್ತ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು. ಫೋಟೊಕ್ಕೆ ಹೊಲಕ್ಕಿಳಿಯುವವರಿಂದ ರೈತರು ಹತ್ತಿಪ್ಪತ್ತು ರೂಪಾಯಿ ಕೇಳುತ್ತಾರೆ. ಕೊಡಿ. ತುಳಿದ ಗಿಡಕ್ಕೆ ಅದು ಕಡಿಮೆಯೇ. 'ಏನ್ ಬುದ್ಧಿ, ಬೆಟ್ಟಕ್ಕ ಹೊಂಟ್ರಾ?' ಎಂದು ಮಾತಿಗೆಳೆದರೆ ಐದು ನಿಮಿಷ ನಿಂತು ಮಾತನಾಡಿ. ರಾತ್ರಿ ಹೊಲಕ್ಕೆ ಬಂದ ಆನೆಯ ಕಥೆ ಅವರ ಹತ್ತಿರ ಇರುತ್ತದೆ. ಊಟಕ್ಕೆ ಹೆದ್ದಾರಿಯ ದೊಡ್ಡ ಹೋಟೆಲ್ಲಿಗಿಂತ ಮುದ್ದೆ, ಹುರುಳಿ ಸಾರು ಸಿಗುವ ಚಿಕ್ಕ ಮೆಸ್ಸು ಹುಡುಕಿ.

ಗೋಪಾಲಸ್ವಾಮಿ ಬೆಟ್ಟ

ಇಲ್ಲಿ ನಿಮ್ಮ ಬಸ್ಸಿಗೆ ರಜೆ. ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಹಂಗಳದವರೆಗೆ ಹೋಗಿ ಬಲಕ್ಕೆ ತಿರುಗಿ. ತಪ್ಪಲಿನಲ್ಲಿ ಖಾಸಗಿ ಗಾಡಿಗಳನ್ನೆಲ್ಲ ನಿಲ್ಲಿಸಿ, ಕೆಎಸ್‌ಆರ್‌ಟಿಸಿ ಬಸ್ಸಿನಲ್ಲೇ ಮೇಲೆ ಕರೆದೊಯ್ಯುತ್ತಾರೆ. ಈ ಏರ್ಪಾಟಿನ ಬಗ್ಗೆ ಗೊಣಗುವವರಿದ್ದಾರೆ, ನನಗಂತೂ ಒಪ್ಪಿಗೆ. ಮೊದಲು ಕಾರುಗಳ ಸಾಲು ಗುಡಿಯ ಬಾಗಿಲವರೆಗೂ ಹೋಗುತ್ತಿತ್ತು. ಈಗ ಮೇಲೆ ಹುಲ್ಲು, ಮಂಜು, ಗಾಳಿ ಮಾತ್ರ. ಎತ್ತರ 1,454 ಮೀಟರ್. ಗುಡಿಯನ್ನು ಹೊಯ್ಸಳ ಮುಮ್ಮಡಿ ಬಲ್ಲಾಳನ ಕಾಲದ್ದೆನ್ನುತ್ತಾರೆ. ರಜಾದಿನ ಬಸ್ಸಿಗೆ ಉದ್ದನೆಯ ಸಾಲು, ಆದ್ದರಿಂದ ಬೆಳಿಗ್ಗೆ ಎಂಟೂವರೆಗೇ ತಪ್ಪಲಿನಲ್ಲಿರಿ. ಸಂಜೆ ನಾಲ್ಕರ ಮೇಲೆ ಬೆಟ್ಟದಲ್ಲಿ ಯಾರನ್ನೂ ಬಿಡುವುದಿಲ್ಲ. ವಯಸ್ಸಾದವರಿಗೆ ಬೇಸಿಗೆಯಲ್ಲೂ ಒಂದು ಶಾಲು ಇರಲಿ.

ಬಂಡೀಪುರ

ಮೈಸೂರಿನ ಮಹಾರಾಜರು 1931ರಲ್ಲಿ ವನ್ಯಜೀವಿ ಧಾಮವಾಗಿ 90 ಚದರ ಕಿಲೋಮೀಟರಿನಲ್ಲಿ ಶುರು ಮಾಡಿದ್ದು 1973ರಲ್ಲಿ ಹುಲಿ ಯೋಜನೆಯ ಮೊದಲ ಪಟ್ಟಿಗೆ ಸೇರಿತು. 2022ರ ಗಣತಿಯಲ್ಲಿ ಇಲ್ಲಿ 150 ಹುಲಿ. ಹಾಗೆಂದು ನಿಮಗೆ ಒಂದು ಕಾಣಲೇಬೇಕೆಂದೇನೂ ಇಲ್ಲ. ಸಫಾರಿಗೆ ನಿಮ್ಮ ಬಸ್ಸು ಹೋಗುವುದಿಲ್ಲ. ಮೇಲುಕಾಮನಹಳ್ಳಿಯ ಕೌಂಟರಿನಿಂದ ಇಲಾಖೆಯ ಬಸ್ಸು, ಜೀಪಿನಲ್ಲೇ ಹೋಗಬೇಕು. ಜನ ಹೆಚ್ಚಿದ್ದರೆ ಬಸ್ಸೇ ಅಗ್ಗ, ಎಲ್ಲರೂ ಒಟ್ಟಿಗೇ ಇರಬಹುದು. 2025ರ ನವೆಂಬರ್‌ನಲ್ಲಿ ಕಾಡಂಚಿನ ರೈತರ ಮೇಲೆ ಹುಲಿ ದಾಳಿಗಳಾದಾಗ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿದ್ದರು. ಆದ್ದರಿಂದ ಹೊರಡುವ ಮುನ್ನ ಇಲಾಖೆಯಲ್ಲಿ ವಿಚಾರಿಸಿಯೇ ಮಕ್ಕಳಿಗೆ ಮಾತು ಕೊಡಿ. ಸಫಾರಿ ಇಲ್ಲದಿದ್ದರೂ ಬೆಳಿಗ್ಗೆ ಆರಕ್ಕೆ ಗೇಟು ತೆರೆದೊಡನೆ ಹೆದ್ದಾರಿಯಲ್ಲೇ ನಿಧಾನ ಹೋದರೆ ಜಿಂಕೆ, ಆನೆ ಸಾಮಾನ್ಯವಾಗಿ ಕಾಣಸಿಗುತ್ತವೆ.

ಕಂಡಾಗ ಬಸ್ಸು ನಿಲ್ಲಿಸುವಂತಿಲ್ಲ, ಚಾಲಕರಿಗೆ ಇದನ್ನು ಮೊದಲೇ ಹೇಳಿಡಿ. 2025ರ ಆಗಸ್ಟ್‌ನಲ್ಲಿ ಇದೇ ರಸ್ತೆಯಲ್ಲಿ ಆನೆಯ ಫೋಟೊ ತೆಗೆಯಲು ಇಳಿದವರೊಬ್ಬರು ಅದರ ಕಾಲಡಿ ಸಿಕ್ಕಿಯೂ ಬದುಕಿದರು. ಇಲಾಖೆ 25 ಸಾವಿರ ರೂಪಾಯಿ ದಂಡ ಹಾಕಿತು. ತಿನ್ನುವುದನ್ನು ಕಿಟಕಿಯಿಂದ ಎಸೆಯುವುದೂ ಬೇಡ. ಲಾರಿಗಳಿಂದ ಬೀಳುವ ತರಕಾರಿ, ಕಬ್ಬಿನ ರುಚಿ ಹತ್ತಿದ ಆನೆಗಳು ರಸ್ತೆಗಡ್ಡ ನಿಲ್ಲುವುದು ಈ ಗಡಿಗಳಲ್ಲಿ ಮಾಮೂಲಾಗಿದೆ.

ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂಡೀಪುರದ ಎರಡು ಹೆದ್ದಾರಿಗಳೂ ಬಂದ್. ಗಾಡಿಗಳ ಅಡಿ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ಬಂದ ನಿರ್ಬಂಧ ಇದು; ಕೇರಳದಿಂದ ವಿರೋಧ ಬಂದರೂ ಉಳಿದುಕೊಂಡಿದೆ. ಒಂಬತ್ತಕ್ಕೆ ಐದು ನಿಮಿಷವಿದ್ದಾಗ ಗೇಟಿಗೆ ಓಡಿಸುವುದು ಹೊಸ ಕಾರಿನವರಿಗಿರಲಿ. ಹಳೇ ಬಸ್ಸಿನವರು ಕತ್ತಲಾಗುವ ಮೊದಲೇ ಗುಂಡ್ಲುಪೇಟೆ ಸೇರಬೇಕು.

ಇಷ್ಟಾದ ಮೇಲೂ ಊಟಿಯ ಆಸೆ ಬಿಡದಿದ್ದರೆ ಗೂಡಲೂರಿನ ದಾರಿಯಲ್ಲೇ ಹೋಗಿ. ಮಸಿನಗುಡಿಯಿಂದ ಕಲ್ಲಟ್ಟಿಯ 36 ತಿರುವುಗಳನ್ನು ಹಳೇ ಬಸ್ಸಿನಲ್ಲಿ ಹತ್ತುವ ಯೋಚನೆಯನ್ನೇ ಮಾಡಬೇಡಿ. 2024ರ ಮೇ ತಿಂಗಳಿಂದ ನೀಲಗಿರಿಗೆ ಈ–ಪಾಸ್ ಕೂಡ ಬೇಕು. ಸತ್ಯಮಂಗಲದ ಕಡೆಗೆ ದಿಂಬಂ ಘಾಟಿಯಲ್ಲಿ 27 ತಿರುವು, ಅಲ್ಲೂ ರಾತ್ರಿ ನಿರ್ಬಂಧ. ಮಾದಪ್ಪನ ಬೆಟ್ಟಕ್ಕೆ ಬೇರೆಯದೇ ಎರಡು ದಿನ ಬೇಕು, ಇದರೊಂದಿಗೆ ಸೇರಿಸಬೇಡಿ.

ಕಾಲ ಯಾವುದು ಒಳ್ಳೆಯದು ಎಂದರೆ, ಮಳೆ ಹಿಡಿದ ಜೂನ್ ಕೊನೆಯಿಂದ ಜನವರಿವರೆಗೆ. ಫೆಬ್ರುವರಿ, ಮಾರ್ಚ್‌ನಲ್ಲಿ ಕೆರೆಗಳ ಹತ್ತಿರ ಪ್ರಾಣಿ ಹೆಚ್ಚು ಕಂಡರೂ ಕಾಡು ಒಣಗಿ ನಿಂತಿರುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟುಹೋಯಿತು. ಆ ತಿಂಗಳುಗಳಲ್ಲಿ ಬಸ್ಸಿನಲ್ಲಿ ಬೀಡಿ, ಸಿಗರೇಟು ಸೇದುವವರಿದ್ದರೆ ಗೇಟಿಗೆ ಮೊದಲೇ ಕಡ್ಡಿಪೆಟ್ಟಿಗೆ ಕಿತ್ತಿಟ್ಟುಕೊಳ್ಳಿ. ಡೀಸೆಲನ್ನು ಮಾತ್ರ ಗುಂಡ್ಲುಪೇಟೆಯಲ್ಲೇ ತುಂಬಿಸಿ. ಕಾಡು ಹೊಕ್ಕ ಮೇಲೆ ಬಂಕು ಸಿಗುವುದಿಲ್ಲ.