ಒಂದು ಕಡತ, ಇಬ್ಬರು ಒಡೆಯರು

ಗಣಕಯಂತ್ರದಲ್ಲಿ ಬರೆಯುವಾಗ ತಪ್ಪಾದ ಪದದ ಕೆಳಗೆ ಕೆಂಪು ಗೆರೆ ಮೂಡುವುದನ್ನು ವಾಚಕರು ಬಲ್ಲರಷ್ಟೆ. ಈ ಕೆಲಸವನ್ನು ಮಾಡತಕ್ಕ ಕಾಗುಣಿತ ಪರೀಕ್ಷಕಗಳಲ್ಲಿ ಹನ್‌ಸ್ಪೆಲ್ ಎಂಬುದು ಪ್ರಸಿದ್ಧವಾದದ್ದು. ಅದರ ಕರ್ತೃ ಹಂಗೇರಿಯ ಲಾಸ್ಲೊ ನೇಮೆತ್. ಹಂಗೇರಿಯನ್ ಭಾಷೆಯಲ್ಲಿಯೂ ಕನ್ನಡದಲ್ಲಿರುವಂತೆ ಪ್ರಕೃತಿಗೆ ಪ್ರತ್ಯಯಗಳು ಸಾಲಾಗಿ ಬಂದು ಸೇರುತ್ತವೆ. ಪ್ರತಿಯೊಂದು ರೂಪವನ್ನೂ ಬರೆದಿಡಹೊರಟರೆ ನಿಘಂಟಿಗೆ ಕೊನೆಯೇ ಇರದು. ಆದುದರಿಂದ ಹನ್‌ಸ್ಪೆಲ್ ಎರಡು ಕಡತಗಳನ್ನು ಬಳಸುತ್ತದೆ. ಒಂದು ಮೂಲಪದಗಳ ಪದಕಡತ. ಇನ್ನೊಂದು ಪ್ರತ್ಯಯಗಳು ಸೇರುವ ಬಗೆಯನ್ನು ತಿಳಿಸುವ ನಿಯಮಕಡತ. ಯಾವ ಪದಕ್ಕೆ ಯಾವ ನಿಯಮವೆಂಬುದನ್ನು ಪದದ ಮುಂದಿನ ಒಂದು ಗುರುತು ಸೂಚಿಸುತ್ತದೆ. ಈ ಎರಡು ಕಡತಗಳು ಒಂದೇ ಕೈಯಲ್ಲಿ ಸಿದ್ಧವಾದ ಬೀಗ ಮತ್ತು ಬೀಗದ ಕೈಗಳಿದ್ದಂತೆ.

ಇನ್ನು ಎರಡನೆಯ ಪಾತ್ರಧಾರಿ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ವ್ಯವಸ್ಥೆಯಲ್ಲಿ ತಂತ್ರಾಂಶಗಳು ಪೊಟ್ಟಣಗಳ ರೂಪದಲ್ಲಿ ಬರುತ್ತವೆ. ಅವುಗಳನ್ನು ಬಿಚ್ಚಿ ಸ್ಥಾಪಿಸುವ ನಿರ್ವಾಹಕಕ್ಕೆ ಡಿಪಿಕೆಜಿ ಎಂದು ಹೆಸರು. ಯಾವ ಹೊಲ ಯಾರದೆಂದು ಶಾನುಭೋಗರು ಖಾತೆಯಲ್ಲಿ ಬರೆದಿಡುತ್ತಿದ್ದಂತೆ, ಯಾವ ಕಡತ ಯಾವ ಪೊಟ್ಟಣದ್ದೆಂದು ಇದು ಬರೆದಿಡುತ್ತದೆ. ಹೊಸ ಪೊಟ್ಟಣವೊಂದು ಮತ್ತೊಂದರ ಹೆಸರಿನಲ್ಲಿರುವ ಕಡತದ ಮೇಲೆ ತನ್ನದನ್ನು ಬರೆಯಹೊರಟರೆ ನಿರ್ವಾಹಕವು ಕೆಲಸವನ್ನು ನಿಲ್ಲಿಸಿ, ಪಥವನ್ನೂ ಹಳೆಯ ಒಡೆಯನನ್ನೂ ಹೆಸರಿಸಿ ದೋಷಸೂಚನೆ ನೀಡುತ್ತದೆ.

ನಿಘಂಟುಗಳಲ್ಲಿ ಈ ವ್ಯಾಜ್ಯಕ್ಕೆ ಅವಕಾಶ ಹೆಚ್ಚು. ಭಾಷೆಯ ಸಂಕೇತವೇ ಕಡತದ ಹೆಸರಾಗುವುದರಿಂದ, ಒಂದೇ ಭಾಷೆಗೆ ಇಬ್ಬರು ನಿಘಂಟು ಮಾಡಿದರೆ ಹೆಸರುಗಳು ತಾವಾಗಿಯೇ ತಾಕುತ್ತವೆ.

ಇಂಥ ವೇಳೆಯಲ್ಲಿ ಬಲವಂತದಿಂದ ಮೇಲೆ ಬರೆಯುವ ಆಯ್ಕೆಯೊಂದುಂಟು. ಅವಸರದ ವಿದ್ಯಾರ್ಥಿಗೆ ಅದೇ ಸುಲಭವಾಗಿ ಕಾಣುತ್ತದೆ. ಪರಿಣಾಮವನ್ನು ನೋಡೋಣ. ಮೊದಲನೆಯ ನಿಘಂಟಿನಲ್ಲಿ 'ಮರ' ಎಂಬ ಪದದ ಮುಂದೆ 1 ಎಂಬ ಗುರುತಿದೆಯೆಂದಿಟ್ಟುಕೊಳ್ಳೋಣ. ಅಕಾರಾಂತ ಪದಗಳಿಗೆ 'ವನ್ನು', 'ದಿಂದ' ಸೇರುವವೆಂಬುದು ಅಲ್ಲಿಯ ಒಂದನೆಯ ನಿಯಮ. ಎರಡನೆಯ ಪೊಟ್ಟಣವು ಅದೇ ಪಥದಲ್ಲಿ ಬೇರೆ ನಿಯಮಕಡತವನ್ನು ತರುತ್ತದೆ, ಪದಕಡತಕ್ಕೆ ಮಾತ್ರ ಬೇರೆ ಹೆಸರಿಟ್ಟಿದೆ. ಅದರ ಒಂದನೆಯ ನಿಯಮ 'ಊರು' ಮುಂತಾದ ಉಕಾರಾಂತಗಳಿಗೆ ಸಂಬಂಧಿಸಿದ್ದು. ಬಲವಂತ ಮಾಡಿದೊಡನೆ ಹಳೆಯ ಪದಗಳಿಗೆ ಹೊಸ ನಿಯಮಗಳು ಗಂಟುಬೀಳುತ್ತವೆ. 'ಮರ' ಉಕಾರಾಂತವಲ್ಲವಾದ್ದರಿಂದ ನಿಯಮ ಹತ್ತುವುದಿಲ್ಲ. 'ಮರ' ಸರಿ, 'ಮರವನ್ನು' ತಪ್ಪು! ದೋಷಸೂಚನೆಯೂ ಇಲ್ಲ, ಯಂತ್ರವೂ ನಿಲ್ಲುವುದಿಲ್ಲ. ಶುದ್ಧ ಕನ್ನಡದ ಕೆಳಗೆ ಕೆಂಪು ಗೆರೆ ಮೂಡುತ್ತಿರುತ್ತದೆ, ಬರೆಯುವವನು ತನ್ನ ಭಾಷಾಜ್ಞಾನವನ್ನೇ ಸಂದೇಹಿಸುತ್ತಾನೆ. ನಿರ್ವಾಹಕದ ಹಟಕ್ಕಿಂತ ಈ ಮೌನವೇ ಹೆಚ್ಚು ಕೆಡುಕೆಂದು ನಮ್ಮ ಅಭಿಪ್ರಾಯ.

ಯೋಗ್ಯ ಮಾರ್ಗ ಬೇರೆಯಿದೆ. ಡಿಪಿಕೆಜಿ ಆಜ್ಞೆಗೆ ದೊಡ್ಡಕ್ಷರದ 'ಎಸ್' ಆಯ್ಕೆಯನ್ನೂ ಕಡತದ ಪಥವನ್ನೂ ಕೊಟ್ಟರೆ ಒಡೆಯನ ಹೆಸರು ತಿಳಿಯುತ್ತದೆ. ಎರಡರಲ್ಲಿ ಬೇಡವಾದುದನ್ನು ವಿಧಿವತ್ತಾಗಿ ತೆಗೆದು, ಬೇಕಾದುದನ್ನು ಸ್ಥಾಪಿಸಬೇಕು. ಈಗಾಗಲೇ ಬಲವಂತ ಮಾಡಿಯಾಗಿದ್ದರೆ, ಒಂದನ್ನು ತೆಗೆದ ಬಳಿಕ ಉಳಿದುದನ್ನು ಮತ್ತೊಮ್ಮೆ ಸ್ಥಾಪಿಸುವುದು ಕ್ಷೇಮ. ಪೊಟ್ಟಣ ಕಟ್ಟುವವರ ಹೊಣೆಯೂ ಇಲ್ಲಿದೆ: ಇನ್ನೊಂದರ ಕಡತವನ್ನು ತಾನು ವಹಿಸಿಕೊಳ್ಳುವುದಾದರೆ 'ರಿಪ್ಲೇಸಸ್' ಎಂತಲೂ, ಎರಡೂ ಕೂಡಿ ಇರಲಾರವಾದರೆ 'ಕಾನ್‌ಫ್ಲಿಕ್ಟ್ಸ್' ಎಂತಲೂ ಪೊಟ್ಟಣದ ವಿವರದಲ್ಲಿ ಮೊದಲೇ ಘೋಷಿಸಬೇಕು. ಆಗ ನಿರ್ವಾಹಕವೇ ಖಾತೆಯನ್ನು ತಿದ್ದಿಕೊಳ್ಳುತ್ತದೆ.

ತಮ್ಮ ವಿಷಯದ ಹತ್ತಿಪ್ಪತ್ತು ಪಾರಿಭಾಷಿಕ ಪದಗಳನ್ನು ಸೇರಿಸಬೇಕೆಂಬ ವಿದ್ಯಾರ್ಥಿಗೆ ಈ ಪೊಟ್ಟಣಗಳ ಗೋಜೇ ಬೇಡ. ಹನ್‌ಸ್ಪೆಲ್ ಬಳಕೆದಾರನ ಸ್ವಂತ ಕಡತಕೋಶದಲ್ಲಿ ಖಾಸಗಿ ಪದಪಟ್ಟಿಯೊಂದನ್ನು ಇಟ್ಟುಕೊಳ್ಳಬಲ್ಲದು. ಶಾನುಭೋಗನ ಖಾತೆಗೆ ಅದು ಸೇರುವುದೇ ಇಲ್ಲ.