ಕುಮಾರ ಗಂಧರ್ವರ ‘ಗೀತ ವರ್ಷಾ’ವನ್ನು ಕೇಳುವ ಬಗೆ

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬನ ಅಭ್ಯಾಸ)

ಓದುವುದಕ್ಕೆ ಅಕ್ಷರ ಬೇಕು, ಹಾಡುವುದಕ್ಕೆ ಕಂಠ ಬೇಕು. ಕೇಳುವುದಕ್ಕಾದರೋ ಕಿವಿಯೊಂದಿದ್ದರೆ ಸಾಕು ಎಂದು ನಾವು ತಿಳಿದಿದ್ದೇವೆ. ಈ ತಿಳಿವಳಿಕೆ ಎಷ್ಟು ತಪ್ಪೆಂಬುದು ಕಳೆದ ಮಳೆಗಾಲದಲ್ಲಿ ನನಗೆ ಮನವರಿಕೆಯಾಯಿತು. ನಾನು ಸಂಗೀತ ಕಲಿತವನಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದ ಇದು ಪಂಡಿತನ ಮಾತಲ್ಲ, ಅಭ್ಯಾಸಿಯ ಟಿಪ್ಪಣಿ. ಗುರುಜನರು ತಪ್ಪಿದ್ದರೆ ತಿದ್ದಬೇಕು.

ಕುಮಾರ ಗಂಧರ್ವರು ಹುಟ್ಟಿದ್ದು ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ, 1924ರ ಏಪ್ರಿಲ್ 8ರಂದು. ಹೆತ್ತವರಿಟ್ಟ ಹೆಸರು ಶಿವಪುತ್ರ. ಬಾಲ್ಯದಲ್ಲಿಯೇ ಅವರ ಗಾಯನಕ್ಕೆ ಬೆರಗಾಗಿ ಮಠದ ಸ್ವಾಮಿಗಳೊಬ್ಬರು ‘ಕುಮಾರ ಗಂಧರ್ವ’ ಎಂದು ಕರೆದರು. ಆ ಬಿರುದೇ ಹೆಸರಾಗಿ ನಿಂತಿತು. ಮುಂಬಯಿಯಲ್ಲಿ ಬಿ. ಆರ್. ದೇವಧರರಲ್ಲಿ ಅವರ ಶಿಕ್ಷಣ ನಡೆಯಿತು. ಕೀರ್ತಿ ಕೈಗೆಟುಕಿದ ಹೊತ್ತಿಗೇ ಕ್ಷಯರೋಗ ಬಂದೆರಗಿತು. 1948ರಲ್ಲಿ, ಒಣಹವೆಯ ಆಸೆಯಿಂದ, ಮಧ್ಯಭಾರತದ ದೇವಾಸಕ್ಕೆ ಹೋದರು. ಹಾಡಕೂಡದೆಂದು ವೈದ್ಯರ ಅಪ್ಪಣೆ. ಹಾಸಿಗೆ ಹಿಡಿದು ಮಲಗಿದ್ದ ಆ ವರ್ಷಗಳಲ್ಲಿ ಅವರ ಪಾಲಿಗೆ ಉಳಿದದ್ದು ಕೇಳುವುದೊಂದೇ. ದಾರಿಯಲ್ಲಿ ಹೋಗುವ ಹೆಂಗಸರ ಮಾಳವೀ ಹಾಡುಗಳನ್ನು ಅವರು ಕಿವಿಗೊಟ್ಟು ಕೇಳಿದರು. ನಾಲ್ಕೈದು ಸ್ವರಗಳಲ್ಲಿಯೇ ಸುಳಿದಾಡುವ ಈ ಧಾಟಿಗಳೇ ರಾಗಗಳ ಬೇರೆಂಬುದು ಅವರ ಮನಸ್ಸಿಗೆ ಬಂತು. ಮತ್ತೆ ಹಾಡಲೆದ್ದಾಗ ಅವರು ಹೊಸ ಗಾಯಕರಾಗಿದ್ದರು. ಮಾಲವತಿ, ಲಗನ ಗಂಧಾರ ಮೊದಲಾದ ರಾಗಗಳನ್ನು ಅವರು ನಿರ್ಮಿಸಿದರು. 1965ರಲ್ಲಿ ತಮ್ಮ ರಚನೆಗಳನ್ನು ‘ಅನೂಪರಾಗವಿಲಾಸ’ವೆಂಬ ಗ್ರಂಥವಾಗಿ ಪ್ರಕಟಿಸಿದರು.

‘ಗೀತ ವರ್ಷಾ’ ಅವರ ವಸ್ತುಪ್ರಧಾನ ಕಾರ್ಯಕ್ರಮಗಳಲ್ಲೊಂದು. ಸಾಮಾನ್ಯ ಕಚೇರಿಯಲ್ಲಿ ಒಂದು ರಾಗಕ್ಕೂ ಮುಂದಿನ ರಾಗಕ್ಕೂ ಅರ್ಥಸಂಬಂಧವಿರಬೇಕೆಂಬ ನಿಯಮವಿಲ್ಲ. ಇಲ್ಲಿಯಾದರೋ ಮಳೆಯೇ ವಸ್ತು. ಬೇಸಗೆಯ ಬೇಗೆ, ಮೋಡದ ನಿರೀಕ್ಷೆ, ಸುರಿಯುವ ಧಾರೆ ಇವೆಲ್ಲ ಮಲ್ಹಾರದ ಬಗೆಗಳಲ್ಲಿಯೂ ಮಾಳವದ ಜನಪದ ಗೀತೆಗಳಲ್ಲಿಯೂ ಒಂದೇ ಸೂತ್ರದಲ್ಲಿ ಪೋಣಿಸಲ್ಪಟ್ಟಿವೆ. ಪಶ್ಚಿಮದ ರಾಕ್ ಸಂಗೀತದಲ್ಲಿಯೂ ಇಂಥ ಪ್ರಯತ್ನ ನಡೆದಿದೆ. 1973ರಲ್ಲಿ ಪಿಂಕ್ ಫ್ಲಾಯ್ಡ್ ತಂಡದವರು ಕಾಲ, ಹಣ, ಹುಚ್ಚು, ಸಾವು ಎಂಬ ವಿಷಯಗಳನ್ನು ಒಂದೇ ಧ್ವನಿಮುದ್ರಿಕೆಯಲ್ಲಿ, ಹಾಡಿಗೆ ಹಾಡು ಬೆಸೆದಂತೆ, ಹೆಣೆದರು. ಇಂಥ ಕೃತಿಗಳನ್ನು ತುಂಡು ಮಾಡಿ ಕೇಳಿದರೆ ಪ್ರಸಂಗದ ನಡುವೆ ಎದ್ದುಹೋದವನ ಗತಿಯೇ ನಮ್ಮದಾಗುತ್ತದೆ.

ನನಗಾದದ್ದೂ ಅದೇ. ಗುರುಗಳೊಬ್ಬರು ಹೇಳಿದರೆಂದು ಮೊಬೈಲಿನಲ್ಲಿ ಹಚ್ಚಿದೆ. ಹತ್ತು ನಿಮಿಷಕ್ಕೆ ಬೇಸತ್ತು ಆರಿಸಿದೆ. ಸ್ವರ ಎದ್ದಲ್ಲಿಯೇ ತುಂಡಾಗುವುದು, ನಡುವೆ ಮೌನ, ಮತ್ತೆ ಮಿಂಚಿನಂಥ ತಾನು! ಆಷಾಢದ ಒಂದು ಸಂಜೆ ವಿದ್ಯುತ್ತು ಹೋಗಿ ಓದಲಾಗದೆ ಕುಳಿತಾಗ ಮತ್ತೆ ತೊಡಗಿದೆ. ಈ ಸಲ ಮೂರು ನಿಯಮಗಳನ್ನು ಇಟ್ಟುಕೊಂಡೆ.

ಮೊದಲನೆಯದು, ಬಂದಿಶನ್ನು ಗುರುತಿಸುವುದು. ಮತ್ತೆ ಮತ್ತೆ ಬರುವ ಮೊದಲ ಸಾಲನ್ನು ಮನಸ್ಸಿನಲ್ಲಿ ಹಿಡಿದರೆ ದಾರಿ ತಪ್ಪುವುದಿಲ್ಲ. ಎರಡನೆಯದು, ತಾಳವನ್ನು ಎಣಿಸುವುದು. ತೀನತಾಲಕ್ಕೆ 16 ಮಾತ್ರೆ, ಏಕತಾಲಕ್ಕೆ 12. ಆವರ್ತ ತೊಡಗುವ ಸ್ಥಳವೇ ‘ಸಮ್’. ಗಾಯಕನು ಎಲ್ಲೆಲ್ಲಿ ಅಲೆದರೂ ಅಲ್ಲಿಗೆ ಮರಳುತ್ತಾನೆ. ಈ ಮರಳುವಿಕೆಯನ್ನು ಮೊದಲೇ ಊಹಿಸತೊಡಗಿದಾಗ ಕೇಳುಗನೂ ಹಾಡಿನಲ್ಲಿ ಪಾಲುಗಾರನಾಗುತ್ತಾನೆ. ಮೂರನೆಯದು, ಮೌನವನ್ನು ಕೇಳುವುದು. ಅವರ ಒಂದು ಶ್ವಾಸಕೋಶ ರೋಗದಿಂದ ನಿರುಪಯುಕ್ತವಾಗಿತ್ತು. ಆ ಬಿಡಿಬಿಡಿ ಸ್ವರಗುಚ್ಛಗಳಿಗೆ ಅದೇ ಕಾರಣವೆನ್ನುವವರುಂಟು. ಇರಬಹುದು. ಆದರೆ ಕೊರತೆಯನ್ನು ಮರೆಮಾಚದೆ ಅದನ್ನೇ ಶೈಲಿಯಾಗಿಸಿದ್ದು ಪ್ರತಿಭೆ. ಯಲ್ಲಾಪುರದ ಮಳೆಯನ್ನು ಕಂಡವರು ಇದನ್ನು ಬಲ್ಲರು. ಜಡಿಮಳೆ ತಟ್ಟನೆ ನಿಂತಾಗ ಅಡಕೆ ಮರದಿಂದ ತೊಟ್ಟಿಕ್ಕುವ ಹನಿಯ ಸದ್ದು ಮಳೆಗಿಂತಲೂ ದೊಡ್ಡದಾಗಿ ಕೇಳುವುದಿಲ್ಲವೇ?

ಅಷ್ಟರಲ್ಲಿ ಜನಪದ ಗೀತೆಯೊಂದು ಬಂತು. ಒಲೆಯ ಮುಂದಿದ್ದ ನನ್ನ ಆಯಿ ತಲೆಯೆತ್ತಿ, “ಇದು ನಟ್ಟಿ ಹಾಡಲ್ವೇನೋ? ಅವರ ಕಡೆಯೂ ಗದ್ದೆ ಉಂಟಾ?” ಎಂದು ಕೇಳಿದಳು. ಭಾಷೆ ಅವಳಿಗೆ ತಿಳಿಯದು. ಆದರೂ ಧಾಟಿಯ ತಿರುವು ತಿಳಿಯಿತು. ನಾನು ಮೂರು ದಿನ ಹೆಣಗಿ ಹಿಡಿದದ್ದನ್ನು ಅವಳು ಒಂದು ಕ್ಷಣದಲ್ಲಿ ಹಿಡಿದಳು.

ಆಗ ನನಗೆ ನಾಚಿಕೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಕಾಲೇಜು ಸೇರಿದ ಮೇಲೆ, ಗೆಳೆಯರು ಮನೆಗೆ ಬಂದಾಗ ಆಯಿ ಹಾಡಿಕೊಂಡರೆ, “ಸುಮ್ಮನಿರು” ಎಂದು ಗದರಿಸಿದ್ದುಂಟು. ವಿದ್ಯಾವಂತನಾಗುವುದೆಂದರೆ ಆ ಹಾಡುಗಳಿಂದ ದೂರ ಸರಿಯುವುದೆಂದೇ ನಾನು ಬಗೆದಿದ್ದೆ. 1990ರಲ್ಲಿ ಪದ್ಮವಿಭೂಷಣ ಪಡೆದ ಗಾಯಕನೊಬ್ಬನು ಅಂಥ ಹಾಡುಗಳ ಮುಂದೆಯೇ ಶಿಷ್ಯನಾಗಿ ಕುಳಿತಿದ್ದನಲ್ಲ!

ಕುಮಾರರು 1992ರ ಜನವರಿ 12ರಂದು ತೀರಿಕೊಂಡರು. ಅವರ ಗಾಯನವೆಲ್ಲ ನನಗೆ ಅರ್ಥವಾಯಿತೆಂದು ಹೇಳಲಾರೆ. ಮಿಯಾ ಮಲ್ಹಾರದ ಎರಡು ನಿಷಾದಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಇನ್ನೂ ತಡವರಿಸುತ್ತೇನೆ. ಆದರೆ ಕಷ್ಟವಾದುದನ್ನೆಲ್ಲ ಕೆಟ್ಟದ್ದೆಂದು ತಳ್ಳುವ ಚಾಳಿ ಬಿಟ್ಟಿದೆ. ಸಹಪಾಠಿಗಳು ಒಂದು ಸಂಜೆ ಕೈಯ ಕೆಲಸ ಬದಿಗಿಟ್ಟು, ಮೊದಲಿನಿಂದ ಕಡೆಯವರೆಗೆ ಇದನ್ನು ಕೇಳಬೇಕೆಂದು ನನ್ನ ಕೋರಿಕೆ. ನಾನು ಈಗ ಒಂದು ಪಟ್ಟಿಪುಸ್ತಕ ಮಾಡಿದ್ದೇನೆ. ಪರೀಕ್ಷೆಯ ಓದಿನ ನಡುವೆ ಆಯಿ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಹನ್ನೊಂದು ಹಾಡುಗಳಾಗಿವೆ.