ಬರದ ಮರುವರ್ಷದ ಯುಗಾದಿ ಮತ್ತು ಬೆಳೆ ಸಾಲದ ಗಡುವು

ಕರ್ನಾಟಕದ ಮಳೆಯಾಶ್ರಿತ ಊರುಗಳಲ್ಲಿ ಹೊಸ ವರ್ಷವು ಯುಗಾದಿಯ ಪಂಚಾಂಗದಲ್ಲಿ ಒಮ್ಮೆ, ಮಾರ್ಚ್ 31ಕ್ಕೆ ಮುಗಿಯುವ ಸಹಕಾರ ಸಂಘದ ಲೆಕ್ಕದಲ್ಲಿ ಮತ್ತೊಮ್ಮೆ ಆರಂಭವಾಗುತ್ತದೆ. ಇವೆರಡೂ ಹತ್ತಿರ ಹತ್ತಿರವೇ ಬರುವುದರಿಂದ, ಬರ ಕಳೆದ ಮರುವರ್ಷದ ಭರವಸೆಯು ಮಳೆಯನ್ನು ಎಷ್ಟು ನಂಬಿರುತ್ತದೆಯೋ ಸಾಲದ ಗಡುವನ್ನೂ ಅಷ್ಟೇ ನಂಬಿರುತ್ತದೆ. ಪಂಚಾಂಗ ಶ್ರವಣದಲ್ಲಿ ರಾಶಿವಾರು ಆದಾಯ–ವ್ಯಯಗಳನ್ನು ಓದಿ ಹೇಳುವ ಪದ್ಧತಿಯಿದ್ದರೂ ಬಾಕಿ ಯಾವಾಗ ತೀರಬೇಕೆಂಬುದನ್ನು ಅದು ಹೇಳುವುದಿಲ್ಲ.

2023ರ ಮುಂಗಾರು ಕೈಕೊಟ್ಟು 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದ ಬಳಿಕ, 2024ರ ಏಪ್ರಿಲ್ 9ರಂದು ಬಂದ ಯುಗಾದಿ ಇದಕ್ಕೆ ನಿದರ್ಶನ. ರಾಜ್ಯ ಸರ್ಕಾರ ಬರ ಪರಿಹಾರದ ಮೊದಲ ಕಂತಾಗಿ ರೈತರಿಗೆ ತಲಾ 2,000 ರೂಪಾಯಿವರೆಗೆ ಕೊಟ್ಟಿತು. ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ನಂತರ ಕೇಂದ್ರದಿಂದ 3,454 ಕೋಟಿ ರೂಪಾಯಿ ಬಿಡುಗಡೆಯಾಗುವ ಹೊತ್ತಿಗೆ ಹಬ್ಬವೂ ಮುಗಿದಿತ್ತು, ಮಾರ್ಚ್ ಗಡುವೂ ದಾಟಿತ್ತು.

ಸಹಕಾರ ಸಂಘಗಳ ಬೆಳೆ ಸಾಲ, ಅಂದರೆ ಬಿತ್ತನೆಯ ಖರ್ಚಿಗೆಂದು ಪಡೆದು ವರ್ಷದೊಳಗೆ ತೀರಿಸಬೇಕಾದ ಅಲ್ಪಾವಧಿ ಸಾಲಕ್ಕೆ, ರಾಜ್ಯದಲ್ಲಿ 5 ಲಕ್ಷ ರೂಪಾಯಿವರೆಗೆ ಬಡ್ಡಿಯಿಲ್ಲ. ಆದರೆ ಈ ರಿಯಾಯಿತಿ ದಕ್ಕುವುದು ಗಡುವಿನೊಳಗೆ ಅಸಲು ಕಟ್ಟಿದವರಿಗೆ ಮಾತ್ರ. ಈ ಅಂಕಣಕಾರನ ಮನೆಯ ಹಳೆಯ ಪಾಸ್‌ಬುಕ್ಕಿನಲ್ಲಿ ಮಾರ್ಚ್ ಕೊನೆಯ ವಾರ ಅಸಲು ಪೂರ್ತಿ ಜಮೆಯಾಗಿ, ಕೆಲವೇ ದಿನಗಳಲ್ಲಿ ಅಷ್ಟೇ ಮೊತ್ತ ಹೊಸ ಸಾಲವಾಗಿ ಬರೆದಿರುವ ಸಾಲುಗಳು ವರ್ಷವರ್ಷವೂ ಕಾಣುತ್ತವೆ. ನಡುವಿನ ದಿನಗಳಿಗೆಂದು ತಂದ ಕೈಗಡಕ್ಕೆ ತೆತ್ತ ಬಡ್ಡಿ ಮಾತ್ರ ಯಾವ ಪುಟದಲ್ಲೂ ಇಲ್ಲ. ಬರದ ವರ್ಷ ಈ ಕೈಗಡವೇ ಹುಟ್ಟುವುದಿಲ್ಲ, ಹುಟ್ಟಿದರೂ ಕೊಡುವವನು ಕೇಳಿದ್ದೇ ಬಡ್ಡಿಯಾಗುತ್ತದೆ.

ಇಂಥ ಹೊತ್ತಿಗೆಂದೇ ಇರುವ ಉಪಾಯ ಸಾಲ ಪರಿವರ್ತನೆ, ಅಂದರೆ ಅಲ್ಪಾವಧಿ ಸಾಲವನ್ನು ಮಧ್ಯಮಾವಧಿಯದಾಗಿ ಮಾರ್ಪಡಿಸಿ ಕಂತುಗಳಲ್ಲಿ ಕಟ್ಟಲು ಬಿಡುವುದು. 2024ರಲ್ಲಿ ಜಾರಿಯಲ್ಲಿದ್ದ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಳೆ ನಷ್ಟ ಶೇ 33ರಿಂದ 50ರೊಳಗಿದ್ದರೆ ಗರಿಷ್ಠ 2 ವರ್ಷ, ಅದಕ್ಕೂ ಹೆಚ್ಚಿದ್ದರೆ 5 ವರ್ಷದವರೆಗೆ ಬ್ಯಾಂಕುಗಳು ಅವಕಾಶ ಕೊಡಬಹುದಾಗಿತ್ತು. ಎರಡರಲ್ಲೂ ಮೊದಲ ವರ್ಷ ಕಂತು ಕಟ್ಟಬೇಕಿರಲಿಲ್ಲ. ಪರಿವರ್ತನೆಯಾದ ಸಾಲಗಾರ ಸುಸ್ತಿದಾರರ ಪಟ್ಟಿಗೆ ಸೇರದೆ ಹೊಸ ಬೆಳೆ ಸಾಲಕ್ಕೂ ಅರ್ಹನಾಗುತ್ತಾನೆ ಎಂಬುದೇ ಇದರ ಜೀವಾಳ. ಊರ ಕಟ್ಟೆಯಲ್ಲಿ ಸಾಲ ಮನ್ನಾದ ಮಾತು ಕೇಳಿಬರುವಷ್ಟು ಪರಿವರ್ತನೆಯ ಮಾತು ಕೇಳಿಬರುವುದಿಲ್ಲ. ಮನ್ನಾ ಸರ್ಕಾರದ ಮರ್ಜಿಗೆ ಬಿಟ್ಟದ್ದು, ಪರಿವರ್ತನೆಗಾದರೋ ಅರ್ಜಿ ಹಿಡಿದು ಕೇಳಲು ನಿಯಮದ ಆಧಾರವಿದೆ.

ಇದೂ ಪುಕ್ಕಟೆಯಲ್ಲ: ಪರಿವರ್ತಿತ ಬೆಳೆ ಸಾಲಕ್ಕೆ ಕೇಂದ್ರದ ಬಡ್ಡಿ ಸಹಾಯಧನ ಸಾಮಾನ್ಯವಾಗಿ ಮೊದಲ ವರ್ಷಕ್ಕಷ್ಟೇ ಸಿಗುತ್ತದೆ, ಎರಡನೆಯ ವರ್ಷದಿಂದ ಮಾಮೂಲಿ ದರ ಬೀಳುತ್ತದೆ. 2024ರ ಜುಲೈನಲ್ಲಿ ಕೆಆರ್‌ಎಸ್ ಜಲಾಶಯ 124.80 ಅಡಿಯ ಗರಿಷ್ಠ ಮಟ್ಟ ಮುಟ್ಟಿ ಫಸಲಿನ ಆಸೆ ಚಿಗುರಿದಾಗಲೂ ಈ ಲೆಕ್ಕ ಬದಲಾಗಿರಲಿಲ್ಲ. ಹೊಸ ಬೆಳೆಯ ಹಣ ಕೈಸೇರಿದಾಗ ಮೊದಲು ಕೈಗಡ, ಆಮೇಲೆ ಪರಿವರ್ತಿತ ಸಾಲದ ಕಂತು ತೀರಿಸಿ, ಬಡ್ಡಿಯಿಲ್ಲದ ಬೆಳೆ ಸಾಲವನ್ನು ಕೊನೆಗೆ, ಆದರೆ ಮಾರ್ಚ್ ಗಡುವು ಮೀರದಂತೆ ಕಟ್ಟುವುದು ಲೇಸು.